ಮೇಡಂ ಜೋಡಿ ಮಾತು ಬಂದ್

ತಪ್ಪು ಮಾಡುವವರ ಬಗ್ಗೆ ಓದಿದವರೊಬ್ಬರು ಮನೆಯಲ್ಲಿ ಬಾಡಿಗೆಗೆ ಇದ್ದರೆ ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ತಾವೇ ಚಪ್ಪಲಿ ಬಿಟ್ಟು, ಮೆಟ್ಟಿಲು ಹತ್ತಿ, ಚಾ ಕೇಳುತ್ತವೆ. ಸೇಡಂನಲ್ಲಿರುವ ನಮ್ಮ ಮನೆಯ ಮೇಲಿನ ಖೋಲಿಗೆ ಸಮಾಜಶಾಸ್ತ್ರದ ಪ್ರೊಫೆಸರ್ ಮೇಡಂ ಬಂದಾಗಿನಿಂದ ಇದೇ ಆಗಿದೆ.

ಜನ ಕಟ್ಟಳೆ ಯಾಕೆ ಮುರಿಯುತ್ತಾರೆ, ಮುರಿದವರನ್ನು ಉಳಿದವರು ಹೇಗೆ ಹದ್ದುಬಸ್ತಿನಲ್ಲಿ ಇಡುತ್ತಾರೆ ಎನ್ನುವುದೇ ಮೇಡಂ ಜೀವನವಿಡೀ ಓದಿದ, ಕಲಿಸಿದ ವಿಷಯ. ನಿವೃತ್ತಿಗೆ ಮುಂಚೆ ನಮ್ಮ ಕಡೆಯ ಜನರ ಮೇಲೆ ಒಂದು ಪುಸ್ತಕ ಬರೆಯಬೇಕೆಂದು ಮೈಸೂರು ಕಡೆಯಿಂದ ಇಷ್ಟು ದೂರ ಬಂದಿದ್ದರು. ನಾನು ಹತ್ತನೇ ಇಯತ್ತೆಗೇ ಶಾಲೆ ಬಿಟ್ಟವಳು. ಆದರೆ ಈ ಸುತ್ತಿನಲ್ಲಿ ಯಾವ ಬಾಗಿಲು ಬಡಿದರೆ ಚಾ ಬರುತ್ತದೆ, ಯಾವುದು ಬಡಿದರೆ ನಾಯಿ ಬರುತ್ತದೆ ಎಂದು ನನಗೆ ಗೊತ್ತು. ಹಾಗಾಗಿ ಮೇಡಂ ನನ್ನನ್ನು ಜೊತೆಗೆ ತಿರುಗುವ ಕೆಲಸಕ್ಕೆ ಇಟ್ಟುಕೊಂಡರು. ಒಲೆಯ ಮುಂದಿನಿಂದ ಎದ್ದು ನಾನು ಮಾಡಿದ ಮೊದಲ ಕೆಲಸ ಅದು. ಆ ಪುಸ್ತಕ, ಈ ಕೆಲಸ ಎರಡೂ ನಮ್ಮ ಓಣಿಯವರ ಕೈಯಲ್ಲೇ ಒಮ್ಮೆ ಮುಗಿದುಹೋಗುವುದರಲ್ಲಿದ್ದವು. ಅದನ್ನು ಕೊನೆಗೆ ಹೇಳುತ್ತೇನೆ.

ಪಗಾರ

ಮೊದಲ ದಿನವೇ ನಮ್ಮ ಅತ್ತೆ ಕಟ್ಟೆಯ ಮೇಲೆ ಕೂತು ಚೌಕಶಿ ಶುರು ಮಾಡಿದರು.

"ನೀವು ಪೊಲೀಸ್ನೋರೇನ್ರಿ?"

"ಅಲ್ಲಮ್ಮ."

"ವಕೀಲ್ರಾ?"

"ಅಲ್ಲ."

"ಮತ್ತ ಕಳ್ರ ಉಸಾಬರಿ ನಿಮಗ್ಯಾಕ್ರಿ?"

ಮೇಡಂ ತಾಳ್ಮೆಯಿಂದ ತಿಳಿಸಿ ಹೇಳಿದರು. ಯಾರು ಎಲ್ಲಿಗೆ ಹೋದರು, ಯಾರನ್ನು ನೋಡಿ ಯಾರು ಮೂಗು ಮುರಿದರು, ಯಾರ ಬಾಯಿಗೆ ಹೆದರಿ ಯಾರು ಸೆರಗು ಸರಿಮಾಡಿಕೊಂಡರು, ಇದನ್ನೆಲ್ಲ ಒಂದು ಕಡೆ ಕೂತು ನೋಡುವುದು, ಕೇಳುವುದು, ಆಮೇಲೆ ಬರೆಯುವುದು.

"ಇದಕ್ಕ ಪಗಾರ ಕೊಡ್ತಾರೇನ್ರಿ?"

"ಕೊಡ್ತಾರಮ್ಮ."

ಅತ್ತೆ ನನ್ನ ಕಡೆ ತಿರುಗಿದರು. "ಕೇಳಿದೇನ? ಈ ಮನಿಗೆ ಸೊಸಿಯಾಗಿ ಬಂದಾಗಿಂದ ಈ ಕಟ್ಟಿ ಮ್ಯಾಲ ಕುಂತು ನಾ ಅದನ್ನೇ ಮಾಡಾಕತ್ತೀನಿ. ಪುಗಸಟ್ಟೆ!"

ಬೇರೆ ಯಾರಾದರೂ ಆಗಿದ್ದರೆ ನಕ್ಕುಬಿಡುತ್ತಿದ್ದರು. ಮೇಡಂ ನಗಲಿಲ್ಲ. "ಹಾಗಾದ್ರೆ ಈ ಕೆಲಸದಲ್ಲಿ ನೀವೇ ನನಗಿಂತ ಸೀನಿಯರ್," ಎಂದು ಅತ್ತೆಯ ಪಕ್ಕದಲ್ಲೇ ಕೂತುಕೊಂಡರು.

ಅಂದಿನಿಂದ ಅತ್ತೆ ಕಟ್ಟೆಯ ಮೇಲೆ ಇರುವಾಗ ಸೊಪ್ಪು ಸೋಸಿಕೊಡಿ ಎಂದರೆ, "ಡ್ಯೂಟಿ ಮ್ಯಾಲ ಅದೀನಿ, ಕಾಣಂಗಿಲ್ಲೇನು?" ಎನ್ನುತ್ತಾರೆ.

ಬೆಲ್ಲ

ನನ್ನ ಮಗಳಿಗೆ ಡಬ್ಬಿಯಿಂದ ಬೆಲ್ಲ ಕದಿಯುವ ಚಟ. ಒಂದು ದಿನ ನಾನು "ಕಳ್ಳಿ, ಕಳ್ಳಿ" ಎಂದು ಚೀರುತ್ತಾ ಅವಳ ಹಿಂದೆ ಓಡುವಾಗ ಮೇಡಂ ನನ್ನನ್ನು ತಡೆದು ನಿಲ್ಲಿಸಿದರು.

"ಹಾಗೆ ಕರೀಬೇಡಮ್ಮ. ಒಂದು ಮಗುವನ್ನ ದಿನಾ ಕಳ್ಳಿ ಅಂತ ಕರೆದರೆ, ತಾನು ಕಳ್ಳಿಯೇ ಇರಬೇಕು ಅಂತ ಅದು ನಂಬಿಬಿಡುತ್ತೆ. ಆಮೇಲೆ ಹಾಗೇ ನಡ್ಕೊಳ್ಳುತ್ತೆ. ನಮ್ಮ ಶಾಸ್ತ್ರದಲ್ಲಿ ಇದು ದೊಡ್ಡ ವಿಚಾರ."

ನನಗೆ ನಾಚಿಕೆಯಾಯಿತು. ಬಾಗಿಲ ಹಿಂದೆ ನಿಂತಿದ್ದ ನನ್ನ ಮಗಳಿಗೆ ಮಾತ್ರ ಶಾಸ್ತ್ರ ಚೆನ್ನಾಗಿ ಅರ್ಥವಾಗಿತ್ತು. ಮರುದಿನ ಎರಡೂ ಗಲ್ಲ ಉಬ್ಬಿಸಿಕೊಂಡು ಸಿಕ್ಕಿಬಿದ್ದಳು.

"ಯಾಕ ತಿಂದಿ?"

"ನೀ ನಿನ್ನಿ ಕಳ್ಳಿ ಅಂದಿ. ಅದಕ್ಕ."

"ಹಂಗಾರ ಇವತ್ತಿಂದ ಜಾಣಿ ಅಂತೀನಿ, ತಿನ್ನಂಗಿಲ್ಲಲ್ಲ?"

ಅವಳು ಯೋಚಿಸಿ ಕೈ ಚಾಚಿದಳು. "ಜಾಣಿ ಇದ್ರ ನೀನೇ ಕೊಡಬೇಕವ್ವಾ."

ವಾಡಿಯ ರೈಲು

ಟಿಕೆಟ್ ಇಲ್ಲದೆ ಓಡಾಡುವವರನ್ನು ಮಾತಾಡಿಸಬೇಕು ಎಂದು ಮೇಡಂ ನನ್ನನ್ನು ವಾಡಿ ಜಂಕ್ಷನ್ನಿಗೆ ಕರೆದುಕೊಂಡು ಹೋದರು. ಶಹಾಬಾದಿಗೆ ಟಿಕೆಟ್ ತಗೊಂಡು ಪ್ಯಾಸೆಂಜರ್ ಹತ್ತಿದೆವು. ಡಬ್ಬಿಯ ತುಂಬ ಜನ. ಮೇಡಂ ಎಲ್ಲರನ್ನೂ ನಯವಾಗಿ ಕೇಳಿದರು. ಟಿಕೆಟ್ ಇಲ್ಲವೆಂದು ಒಬ್ಬರೂ ಒಪ್ಪಲಿಲ್ಲ. ಆ ಡಬ್ಬಿಯಲ್ಲಿದ್ದಷ್ಟು ಸಾಧುಗಳು ಯಾವ ಮಠದಲ್ಲೂ ಇರಲಿಕ್ಕಿಲ್ಲ. ಹೆಗಲ ಮೇಲೆ ಟವೆಲ್ ಹಾಕಿದ್ದ ಒಬ್ಬಾತ ಅಂತೂ ಎದೆ ಮುಟ್ಟಿಕೊಂಡು, "ನಾವು ಅಂಥಾ ಮನೆತನದೋರಲ್ರಿ," ಎಂದ.

ಮೇಡಂ ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರ ಕಡೆ ತಿರುಗುವವರಲ್ಲ. ಹಾಗೆ ಕೇಳುತ್ತಾ ಕೂತಾಗ ಶಹಾಬಾದ್ ಬಂತು, ಹೋಯಿತು. ಆಮೇಲೆ ಬಂದವರು ಟಿ.ಸಿ.

"ಶಹಾಬಾದ ಹೋಗಿ ಭಾಳ ಹೊತ್ತಾತ್ರಿ ಮೇಡಂ. ದಂಡ ಕಟ್ರಿ."

ನಾನು ಜಗಳಕ್ಕೆ ಸೆರಗು ಸಿಕ್ಕಿಸುವಷ್ಟರಲ್ಲಿ ಮೇಡಂ ದಂಡ ಕಟ್ಟಿ, ರಸೀದಿಯನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ತಗೊಂಡು ಕೇಳಿದರು: "ಒಬ್ಬರನ್ನ ಹಿಡಿದಾಗ ನಿಮಗೆ ಏನನ್ನಿಸುತ್ತೆ?"

ಟಿ.ಸಿ. ಸುತ್ತ ನೋಡಿದರು. ಆಮೇಲೆ ಸೀಟಿನ ತುದಿಯಲ್ಲಿ ಕೂತರು. "ಇದನ್ನ ನನ್ನ ಹೆಂಡ್ತಿನೂ ಕೇಳಿಲ್ರಿ," ಎಂದು ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿಕೊಂಡು, ಕಣ್ಣು ಒರೆಸಿಕೊಂಡು, ಉಳಿದ ಯಾರ ಟಿಕೆಟ್ಟೂ ನೋಡದೆ ಇಳಿದುಹೋದರು.

ಅವರು ಇಳಿದದ್ದೇ ತಡ, ಟವೆಲ್‌ನವ ಸರಿದು ಬಂದು ಮೇಡಂ ಪಕ್ಕದಲ್ಲಿ ಕೂತ.

"ನೀವೂ ನಮ್ಮೋರೇ ಅಂತ ಮೊದಲೇ ಹೇಳಬಾರದೇನ್ರಿ? ಹೂಂ, ಈಗ ಬರ್ಕೋರಿ."

ಖಣಿಯ ಶಿಸ್ತು

ಶಹಾಬಾದಿಗೆ ಮರುದಿನ ಚಿತ್ತಾಪುರದ ಮೇಲೆ ಬಸ್ಸಿನಲ್ಲಿ ಹೋದೆವು. ಅಲ್ಲಿ ಕಲ್ಲು ತೆಗೆದು ಬಿಟ್ಟ ಒಂದು ಹಳೆಯ ಖಣಿಯೊಳಗೆ ಇಸ್ಪೀಟಾಟ ನಡೆಯುತ್ತಿತ್ತು. ನಮ್ಮನ್ನು ನೋಡಿ ಎಲ್ಲರೂ ಎಲೆಗಳ ಮೇಲೆ ಕೂತರು. "ಹಿಡಿಯೋಕೆ ಬಂದಿಲ್ಲಪ್ಪ, ಕಲಿಯೋಕೆ ಬಂದಿದ್ದೀನಿ," ಎಂದು ಮೇಡಂ ಕಲ್ಲಿನ ಮೇಲೆ ಕೂತಾಗ ಮೆಲ್ಲಗೆ ಒಬ್ಬೊಬ್ಬರೇ ಎದ್ದು ಎಲೆ ತೆಗೆದರು. ಅವರ ಮುಖಂಡ, ಬಿಳಿ ಗಡ್ಡದ ಚಾಚಾ, ನಿಯಮಗಳನ್ನು ಹೇಳಿದರು. ಕುಡಿದವರಿಗೆ ಪ್ರವೇಶವಿಲ್ಲ. ಬೈಗುಳ ಇಲ್ಲ. ನಮಾಜಿನ ಹೊತ್ತಿಗೂ ಪೂಜೆಯ ಹೊತ್ತಿಗೂ ಆಟ ಬಂದ್. ಹೆಂಡತಿ ಕರೆಯಲು ಬಂದರೆ ಗೆಲ್ಲುತ್ತಿದ್ದರೂ ಎದ್ದು ಹೋಗಬೇಕು.

"ಇಷ್ಟೊಂದು ನಿಯಮ ಯಾಕೆ ಚಾಚಾ?" ಎಂದರು ಮೇಡಂ.

ಅಷ್ಟರಲ್ಲಿ ಒಬ್ಬ ಹುಡುಗ ಅಲ್ಲೇ ಗುಟ್ಕಾ ಉಗುಳಿದ. ಚಾಚಾ ಅವನನ್ನು ಆಟದಿಂದ ಎಬ್ಬಿಸಿ ಹೊರಗೆ ಕಳಿಸಿ, ನಮ್ಮ ಕಡೆ ತಿರುಗಿದರು.

"ಕಾಯ್ದೆ ಮುರಿಯೋದಂದ್ರ ಹುಡುಗಾಟಿಕಿ ಅಲ್ರಿ ಮೇಡಂ. ಶಿಸ್ತು ಬೇಕು!"

ಚಿಂಚೋಳಿಯ ಅಜ್ಜ

ಹೀಗೆ ನಾವು ಹೋಗುವುದು ಒಂದು ಕಡೆಯಾದರೆ, ಅವರೆಲ್ಲ ಮೇಡಂ ಅವರನ್ನು ಹುಡುಕಿಕೊಂಡು ನಮ್ಮ ಮನೆಗೆ ಬರುವುದು ಇನ್ನೊಂದು ಕಡೆ. ಚಿಂಚೋಳಿಯಿಂದ ಒಬ್ಬ ಅಜ್ಜ ಬಂದ. ಪ್ರಾಯದಲ್ಲಿ ಬೀಗ ಮುರಿಯುವುದರಲ್ಲಿ ಹೆಸರು ಮಾಡಿದವ, ಈಗ ಎಲ್ಲ ಬಿಟ್ಟು ಸಂತೆಯಲ್ಲಿ ಶೇಂಗಾ ಹುರಿದು ಮಾರುತ್ತಾನೆ. ಅವತ್ತೇ ಮೇಡಂ ಹತ್ತಿರ ರಿಟೈರ್ ಆದ ಒಬ್ಬ ಪೊಲೀಸ್ ಸಾಹೇಬರು ಕೂಡ ಬಂದಿದ್ದರು. ಇಬ್ಬರೂ ಮೆಟ್ಟಿಲ ಮೇಲೆ ಎದುರಾದರು.

"ಸಾಹೇಬ್ರ, ಭಾಳ ದಪ್ಪ ಆಗೀರಲ್ರಿ!" ಎಂದ ಅಜ್ಜ.

"ನೀ ಕಳ್ಳತನ ಬಿಟ್ಟ ಮ್ಯಾಲ ಓಡೋದು ಎಲ್ಲಿಂದ ಬರಬೇಕೋ?" ಎಂದರು ಪೊಲೀಸ್ ಸಾಹೇಬರು. ಇಬ್ಬರೂ ಒಂದೇ ತಟ್ಟೆಯಲ್ಲಿ ಮಂಡಕ್ಕಿ ಸುಸಲಾ ತಿಂದರು.

ಅಜ್ಜ ಹೊರಡುವಾಗ ಮೆಟ್ಟಿಲ ಕೊನೆಯಲ್ಲಿ ಮಾಳಿಗೆಗೆ, ಅಂದರೆ ಬಯಲು ತಾರಸಿಗೆ, ತೆರೆಯುವ ಬಾಗಿಲನ್ನು ನೋಡಿ ಮುಖ ಕಿವುಚಿದ. "ಅಮ್ಮಾ, ಈ ಚಿಲಕ ನೋಡಿದ್ರ ನನಗ ನಿಮ್ಮ ಚಿಂತಿ ಆಗ್ತದ."

ಅತ್ತೆ ಹೆದರಿ ಅವನ ಕೈಗೇ ಸುತ್ತಿಗೆ ಕೊಟ್ಟರು. ಅವನು ಹಳೆಯದನ್ನು ಕಿತ್ತು ಹೊಸ ಚಿಲಕ ಜಡಿದ.

"ಗಟ್ಟಿ ಆಗ್ಯಾದೇನೋ ಯಪ್ಪಾ?"

"ಇದನ್ನ ಹೊರಗಿಂದ ತಗಿಯೋದು ಅಂದ್ರ," ಎಂದು ಅಜ್ಜ ಸ್ವಲ್ಪ ಬೇಜಾರಿನಿಂದಲೇ ಹೇಳಿದ, "ನನ್ನೊಬ್ಬನಿಂದ ಅಷ್ಟೇ ಆಗ್ತದ."

ಮಾತು ಬಂದ್

ಕಳ್ಳರು, ಇಸ್ಪೀಟಿನವರು, ಪೊಲೀಸರು ಒಂದೇ ಮೆಟ್ಟಿಲು ಹತ್ತುವುದನ್ನು ಓಣಿ ಎಷ್ಟು ದಿನ ಸಹಿಸೀತು? ನಮ್ಮ ಓಣಿಗೆ ಹಿರಿಯರೆಂದರೆ ಸಿಮೆಂಟ್ ಫ್ಯಾಕ್ಟರಿಯಿಂದ ನಿವೃತ್ತರಾದ ಕಾಕಾ. ಅವರು ಎಲ್ಲರನ್ನೂ ಸೇರಿಸಿ ಠರಾವು ಮಾಡಿದರು. ಮೇಡಂ ಜೋಡಿ ಯಾರೂ ಮಾತಾಡಬಾರದು. ಹಾಲಿಗೆ ಹೆಪ್ಪು ಸಹ ಕೊಡಬಾರದು. ಆ ಕಳ್ಳರು ಯಾರೂ ನಮ್ಮ ಮನೆಗೆ ಬರಬಾರದು. ಅಮಾವಾಸ್ಯೆಯೊಳಗೆ ಅವರು ಖೋಲಿ ಬಿಡದಿದ್ದರೆ ನಮ್ಮ ಮನೆಯವರ ಜೋಡಿಯೂ ಮಾತು ಬಂದ್.

ನಾನು ಅಳುತ್ತಾ ಮೇಲೆ ಹೋಗಿ ಹೇಳಿದೆ. ಮೇಡಂ ಮುಖ ಹಬ್ಬದ ದೀಪದ ಹಾಗೆ ಬೆಳಗಿತು.

"ಬಹಿಷ್ಕಾರವಾ? ನನಗಾ? ಇದನ್ನ ಜೀವನವಿಡೀ ಪಾಠ ಮಾಡಿದೀನಿ ಕಣಮ್ಮ. ಪರೀಕ್ಷೆಗೆ ಪ್ರಶ್ನೆ ಹಾಕಿದೀನಿ. ಒಮ್ಮೆಯೂ ನನಗೇ ಆಗಿರಲಿಲ್ಲ!" ಆಮೇಲೆ ಬರೆದ ಹಾಳೆಗಳನ್ನು ಜೋಡಿಸುತ್ತಾ, "ಪುಸ್ತಕ ಅರ್ಧಕ್ಕೆ ನಿಲ್ಲುತ್ತೆ, ನಿಲ್ಲಲಿ. ನಿಮ್ಮ ಮನೆಗೆ ತೊಂದರೆ ಆಗಬಾರದು. ಅಮಾವಾಸ್ಯೆಗೆ ಮುಂಚೆ ಹೊರಡ್ತೀನಿ," ಎಂದರು. ಅತ್ತೆ ಏನೂ ಹೇಳಲಿಲ್ಲ. ಅತ್ತೆ ಏನೂ ಹೇಳದ ದಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಭಯ.

ಆದರೆ ನಮ್ಮ ಓಣಿಯವರಿಗೆ ಒಂದು ಸಂಕಟ. ಮಾತು ಬಿಟ್ಟಿದ್ದೇವೆ ಸರಿ, ಬಿಟ್ಟದ್ದು ಮೇಡಂಗೆ ಗೊತ್ತಾಗಬೇಕಲ್ಲ?

ಮೊದಲು ಬಂದವರು ಎದುರು ಮನೆಯಲ್ಲಿ ಬಟ್ಟೆ ಹೊಲಿಯುವ ಖಾಲಾ. "ನಾ ನಿಮ್ ಜೋಡಿ ಮಾತಾಡಂಗಿಲ್ರಿ ಮೇಡಂ. ಇದನ್ನ ಹೇಳಿ ಹೋಗಾಕ ಬಂದೀನಿ," ಎಂದು ಕೂತು, ಚಾ ಕುಡಿದು, ತಮ್ಮ ನಾದಿನಿಯರ ಕಥೆಯನ್ನೆಲ್ಲ ಹೇಳಿದರು. ಕೈಯಲ್ಲಿ ಒಂದು ಬಟ್ಟಲು ಮೊಸರು. "ಹೆಪ್ಪು ಕೊಡಬಾರದು ಅಂತ ಠರಾವ ಆಗ್ಯಾದ. ಮೊಸರಿನ ಮಾತು ಯಾರೂ ಎತ್ತಿಲ್ಲ." ಅವರ ಹಿಂದೆ ಕಾಕಾನ ಹೆಂಡತಿ, ನಮ್ಮ ಕಾಕಿ. "ಮಾತು ಯಾಕ ಬಿಟ್ಟೀವಿ ಅಂತ ಬಿಡಿಸಿ ಹೇಳಬೇಕಲ್ರಿ, ಇಲ್ಲಂದ್ರ ನಿಮಗ ಹ್ಯಾಂಗ ತಿಳೀತದ?" ಬಿಡಿಸಿ ಹೇಳಲು ಅವರಿಗೆ ದೀಪ ಹಚ್ಚುವ ಹೊತ್ತಾಯಿತು. ಮರುದಿನ ಉಳಿದದ್ದನ್ನು ಹೇಳಲು ಮತ್ತೆ ಬಂದರು. ಮೊದಲು ಬಾಯಿ ಬಿಡದಿದ್ದ ಓಣಿ ಬಹಿಷ್ಕಾರ ಹಾಕಿದ ಮೇಲೆ ನಿಲ್ಲದೆ ಮಾತಾಡಿತು. ನಾನು ಚಾ ಸೋಸಿ ಸೋಸಿ ಸಾಕಾದೆ. ಮೇಡಂ ಪೆನ್ನು ಕೆಳಗಿಡಲಿಲ್ಲ.

ಅಮಾವಾಸ್ಯೆ ಹತ್ತಿರ ಬಂತು. ಒಂದು ಮಧ್ಯಾಹ್ನ ಖಾಲಾ ಮೇಲೆ ಕೂತಿದ್ದಾಗ ಮೆಟ್ಟಿಲ ಮೇಲೆ ಕಾಕಿಯ ಬಳೆ ಸದ್ದು ಕೇಳಿತು. ಖಾಲಾ ಗಾಬರಿಯಾಗಿ ಮಾಳಿಗೆಗೆ ಓಡಿದರು. ಕಾಕಿ ಕೂತು ಬಾಯಿ ತೆರೆಯುವಷ್ಟರಲ್ಲಿ ಕೆಳಗೆ ಕಾಕಾನ ಕೆಮ್ಮು ಕೇಳಿತು. ಕಾಕಿಯೂ ಮಾಳಿಗೆಗೆ ಓಡಿದರು. ಕಾಕಾ ಗತ್ತಿನಿಂದ ಬಂದು, "ಯಾರ್ಯಾರು ಠರಾವ ಮುರಿಯಾಕತ್ತಾರ ಅಂತ ತನಿಖಿ ಮಾಡಾಕ ಬಂದೀನಿ," ಎಂದು ಕುರ್ಚಿ ಎಳೆದುಕೊಂಡು, ಚಾ ಕುಡಿಯುತ್ತಾ ತಮ್ಮ ಫ್ಯಾಕ್ಟರಿಯ ದಿನಗಳನ್ನು ಶುರು ಮಾಡಿದರು. ಆಗ ಕೇಳಿದ್ದು ನಮ್ಮ ಅತ್ತೆಯ ಹೆಜ್ಜೆ. ಕಾಕಾ ಲೋಟದ ಸಮೇತ ಮಾಳಿಗೆಗೆ ಹೋದರು.

ಅತ್ತೆ ಕೆಳಗೆ ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳನ್ನು ನೋಡಿಯೇ ಬಂದಿದ್ದರು. ಯಾವ ಚಪ್ಪಲಿ ಯಾರದೆಂದು ಅವರಿಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೆ? ನೇರವಾಗಿ ಹೋಗಿ ಮಾಳಿಗೆ ಬಾಗಿಲ ಚಿಲಕ ಜಡಿದರು.

"ಮೀಟಿಂಗಿಗೆ ಎಲ್ಲಾರೂ ಬಂದೀರಿ. ಮೇಡಂ ಇಲ್ಲೇ ಇರ್ತಾರ ಅಂತ ಠರಾವ ಮಾಡ್ರಿ, ಬಾಗಲ ತಗೀತೀನಿ!"

ಹೊರಗೆ ಸೇಡಂನ ಬಿಸಿಲು. ಮೂವರೂ ಮೊದಲು ಒಬ್ಬರನ್ನೊಬ್ಬರು ಬೈದರು, ಆಮೇಲೆ ಕೂಡಿ ಬಾಗಿಲು ನೂಕಿದರು. ಅದು ಅಲುಗಲಿಲ್ಲ.

"ಏ, ಆ ಚಿಂಚೋಳಿ ಕಳ್ಳನ್ನರ ಕರೀರಿ, ಬಾಗಲ ತಗೀಲಿ!" ಎಂದು ಕಾಕಾ ಕೂಗಿದರು.

"ಅವ ಈ ಮನಿಗೆ ಬರಬಾರದಂತ ನೀವೇ ಹೇಳೀರಲ್ರಿ?" ಎಂದರು ಅತ್ತೆ.

ಹೊರಗೆ ಗುಸುಗುಸು. ಆಮೇಲೆ ಕಾಕಾನ ದನಿ ಸಣ್ಣಗೆ ಬಂತು: "ಠರಾವ ರದ್ದಾತು. ಮೇಡಂ ಇರಲಿ. ಲೋಟ ತಗೋರಿ, ಕಾಲು ಸುಡಾಕತ್ತಾವ."

ಹೀಗೆ ಮೇಡಂ ಉಳಿದರು. ಪುಸ್ತಕ ಉಳಿಯಿತು. ನನ್ನ ಕೆಲಸವೂ ಉಳಿಯಿತು. ಆದರೆ ಮಾತು ಬಿಟ್ಟಿದ್ದೇವೆ ಎಂದು ಹೇಳಲು ಇನ್ನು ಯಾರೂ ಬರುವ ಕಾರಣವೇ ಉಳಿಯಲಿಲ್ಲ. ಚಾ ಪಾತ್ರೆ ತಣ್ಣಗಾಯಿತು. ಒಂದು ಸಂಜೆ ಮೇಡಂ ಕೆಳಗಿಳಿದು ಬಂದು, ಕಟ್ಟೆಯ ಮೇಲೆ ಡ್ಯೂಟಿಯಲ್ಲಿದ್ದ ಅತ್ತೆಯ ಪಕ್ಕದಲ್ಲಿ ಕೂತು, ಸಂಕೋಚದಿಂದ ಕೇಳಿದರು:

"ಅಮ್ಮ, ಇನ್ನೊಂದು ಸಲ ನನಗೆ ಬಹಿಷ್ಕಾರ ಹಾಕಿಸೋಕೆ ಆಗುತ್ತಾ?"

ಅತ್ತೆ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಮೊದಲ ಏನರ ತಪ್ಪು ಮಾಡ್ರಿ ಮೇಡಂ. ಸುಮ್ ಸುಮ್ಮನ ಹಾಕಾಕ ನಾವೇನು ಕೆಲಸ ಇಲ್ಲದೋರೇನು?"