ಯಾರ ಹೇನು?

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಹೇನು. ಬೆಳಗಿನ ಟೀ-ತಿಂಡಿ ಹೊತ್ತಿನಲ್ಲಿ, ಜೈಲಿನ ಊಟದ ಹಾಲ್‌ನಲ್ಲಿ, ಮೀಸೆ ಮಾವನ ಕಾಲರಿನ ಮೇಲೆ ಅದು ವಾಯುವಿಹಾರಕ್ಕೆ ಹೊರಟಂತೆ ನಿಧಾನವಾಗಿ ಹೋಗುತ್ತಿತ್ತು.

ಆ ಹಾಲ್‌ನಲ್ಲಿ ಎರಡು ಉದ್ದನೆಯ ಮೇಜು. ಕಿಟಕಿ ಪಕ್ಕದ್ದು ಬೆಟ್ಟದವರದು, ಗೋಡೆ ಪಕ್ಕದ್ದು ಬಯಲಿನವರದು. ಬೆಟ್ಟದವರು ಗಲ್ಲ ಬೋಳಿಸಿ ಮೀಸೆ ತಿರುವುತ್ತಿದ್ದರು; ಬಯಲಿನವರು ಎದೆ ಮುಟ್ಟುವಷ್ಟು ಗಡ್ಡ ಬಿಡುತ್ತಿದ್ದರು. ಕಳ್ಳರು, ಜಗಳಗಂಟರು ಎರಡೂ ಕಡೆ ಸರಿಸಮವಾಗಿದ್ದರು. ಆದರೂ ಬಯಲಿನವರ ತಲೆ ಹಿಂದುಗಡೆ ಚಪ್ಪಟೆ, ಅದಕ್ಕೇ ಅವರಿಗೆ ಬುದ್ಧಿ ಕಮ್ಮಿ ಎಂದು ಬೆಟ್ಟದವರ ಹಿರಿಯ ಮೀಸೆ ಮಾವ ಹೇಳುತ್ತಿದ್ದ. ಬೆಟ್ಟದವರ ನೆತ್ತಿ ಚೂಪು, ಬುದ್ಧಿ ಕೂತಲ್ಲಿ ಕೂರದೆ ಜಾರಿಬಿಡುತ್ತದೆ ಎಂದು ಬಯಲಿನವರ ಹಿರಿಯ ಗಡ್ಡದಜ್ಜ ಹೇಳುತ್ತಿದ್ದ. ಒಬ್ಬರ ತಲೆಯನ್ನು ಇನ್ನೊಬ್ಬರು ಮುಟ್ಟಿ ನೋಡಿದವರಲ್ಲ.

ಈ ಎರಡು ಮೇಜುಗಳ ನಡುವೆ ಸಿಕ್ಕಿಬಿದ್ದವನು ನಮ್ಮ ಕ್ಷೌರಿಕ. ಅಮ್ಮ ಬೆಟ್ಟದವಳು, ಅಪ್ಪ ಬಯಲಿನವನು. ಮುಖದಲ್ಲಿ ಮೀಸೆಯೂ ಇಲ್ಲ, ಗಡ್ಡವೂ ಇಲ್ಲ. ಅಂಗಡಿಯವನ ಮುಖ ನುಣ್ಣಗಿದ್ದರೇ ಗಿರಾಕಿಗೆ ಭರವಸೆ ಎಂದು ದಿನಾ ಬೋಳಿಸಿಕೊಂಡವನು. "ನೀನು ಯಾವ ಕಡೆಯವನು?" ಎಂದು ಕೇಳಿ ಕೇಳಿ ಪ್ರಾಣ ತಿಂದ ಒಬ್ಬ ಗಿರಾಕಿಯ ಮೇಲೆ ಸ್ಟೂಲ್ ಎಸೆದು ಜೈಲಿಗೆ ಬಂದಿದ್ದ. ಇಲ್ಲಿ ಕೂರಲು ಸ್ಟೂಲೇ ಇಲ್ಲ. ಬೆಟ್ಟದವರು "ನಿಮ್ಮಪ್ಪನ ಕಡೆ ಹೋಗು" ಅನ್ನುತ್ತಿದ್ದರು, ಬಯಲಿನವರು "ನಿಮ್ಮಮ್ಮನ ಕಡೆ ಹೋಗು" ಅನ್ನುತ್ತಿದ್ದರು. ಬಂದ ದಿನದಿಂದ ಪಾಪ, ಕೈ ತೊಳೆಯುವ ತೊಟ್ಟಿಯ ಪಕ್ಕ ನಿಂತೇ ಉಣ್ಣುತ್ತಿದ್ದ. ಅವನಿಗೆ ಬಿಡುಗಡೆಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ಬೆಂಚಿನ ಮೇಲೆ ಒಂದು ಗೇಣು ಜಾಗ.

"ಏಯ್! ಬಯಲಿನ ಹೇನು ನನ್ನ ಮೈಮೇಲೆ ಬಂದಿದೆ!" ಮೀಸೆ ಮಾವ ಹಾರಿಬಿದ್ದ.

"ನಮ್ಮ ಹೇನು ನಿನ್ನ ತಲೆಗೆ ಯಾಕಯ್ಯ ಬರುತ್ತೆ, ಉಪವಾಸ ಬೀಳಕ್ಕಾ?" ಗಡ್ಡದಜ್ಜ ಕೂತಲ್ಲಿಂದಲೇ ಗುಡುಗಿದ.

ಲೋಟಗಳು ಹಾರಾಡಿದವು. ಗದ್ದಲ ಕೇಳಿ ಜೈಲಿನ ಸಾಹೇಬರು ಓಡಿಬಂದರು. "ಹೇನಿಗೋಸ್ಕರ ಹೊಡೆದಾಡ್ತೀರೇನ್ರೋ? ತಲೆ ವಿಷಯ ಗೊತ್ತಿರೋನು ಯಾರಿದ್ದಾನೆ ಇಲ್ಲಿ?"

ಎಲ್ಲರೂ ತೊಟ್ಟಿಯ ಕಡೆ ನೋಡಿದರು. ಕ್ಷೌರಿಕನ ಬಾಯಿಗೆ ಹೊರಟಿದ್ದ ತುತ್ತು ಅಲ್ಲೇ ನಿಂತಿತು.

"ಹೇನು ಯಾರದು ಅಂತ ನೋಡಿ ಹೇಳು. ಅವರ ತಲೆ ಬೋಳಿಸೋಣ," ಎಂದರು ಸಾಹೇಬರು.

ಹೇನನ್ನು ಅಂಗೈ ಮೇಲೆ ಇಟ್ಟುಕೊಂಡು ಕ್ಷೌರಿಕ ಕಿಟಕಿಯ ಬೆಳಕಿಗೆ ಹೋದ. ಮೀಸೆ ಮಾವ ಬೆನ್ನ ಹಿಂದೆ ಬಂದು ಪಿಸುಗುಟ್ಟಿದ: "ಅಳಿಯಾ, ನಿಮ್ಮಮ್ಮ ನಮ್ಮ ಕಡೆಯ ಹೆಣ್ಣುಮಗಳು. ಅವರದ್ದು ಅಂದುಬಿಡು, ನನ್ನ ಪಕ್ಕದಲ್ಲೇ ಕೂರಿಸ್ಕೋತೀನಿ." ಅವನು ಸರಿಯುತ್ತಲೇ ಗಡ್ಡದಜ್ಜ ಬಂದ: "ಮೊಮ್ಮಗನೇ, ವಂಶ ಅನ್ನೋದು ಅಪ್ಪನಿಂದ. ಬೆಟ್ಟದ್ದು ಅಂತ ಹೇಳಪ್ಪ, ಗೋಡೆಗೆ ಒರಗಿಕೊಳ್ಳೋ ಜಾಗ ನಿಂಗೇ."

ಎಂದೂ ಇಲ್ಲದ ನೆಂಟಸ್ತನ ಒಂದೇ ಬೆಳಿಗ್ಗೆ ಎರಡೂ ಕಡೆಯಿಂದ ಬಂದಾಗ ಅವನಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಒಬ್ಬರ ಪಕ್ಷ ಹಿಡಿದರೆ ಇನ್ನೊಬ್ಬರು ಹಲ್ಲು ಉದುರಿಸುವುದು ಖಂಡಿತ. ಹೇನನ್ನೇ ನೋಡುತ್ತ ನಿಂತವನಿಗೆ ತಟ್ಟನೆ ಉಪಾಯ ಹೊಳೆಯಿತು. ಮೀಸೆ ಇದ್ದರೆ ತಾನೇ ಬೆಟ್ಟ? ಗಡ್ಡ ಇದ್ದರೆ ತಾನೇ ಬಯಲು? ಎರಡೂ ಹೋದರೆ ಎಲ್ಲರೂ ತನ್ನ ಹಾಗೆಯೇ! ಆಮೇಲೆ ಎಲ್ಲಿ ಕೂತರೂ ಕೇಳುವವರು ಯಾರು?

"ಸಾರ್, ಇದು ಎರಡೂ ಕಡೆ ಉಂಡ ಹೇನು," ಎಂದ ಗಂಭೀರವಾಗಿ. "ತಲೆ, ಮೀಸೆ, ಗಡ್ಡ, ಒಂದೂ ಬಿಡದೆ ಎಲ್ಲರದ್ದೂ ತೆಗೀಬೇಕು."

ಸಾಹೇಬರು ಕೂದಲು ಕತ್ತರಿಸುವ ಮಷಿನ್ ತರಿಸಿ ಕ್ಷೌರಿಕನ ಕೈಗೆ ಕೊಟ್ಟರು. ಅಂಗಳದಲ್ಲಿ ಸಾಲು ನಿಂತಿತು. ಮೀಸೆ ಮಾವ ಮೀಸೆ ಬಿದ್ದಾಗ ತಾಯಿ ಸತ್ತಂತೆ ಅತ್ತ. ಅವನ ತಲೆ ಬೋಳಾದಾಗ ನೋಡಿದರೆ ಹಿಂದುಗಡೆ ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ! ಗಡ್ಡದಜ್ಜನ ನೆತ್ತಿಯೋ, ಬುಗುರಿ ತಲೆಕೆಳಗಾಗಿ ಇಟ್ಟಷ್ಟು ಚೂಪು. ಗಿರಾಕಿಯ ತಲೆಯ ಗುಟ್ಟು ಹೊರಗೆ ಹಾಕುವುದು ಕಸುಬಿಗೆ ಸಲ್ಲದು ಎಂದು ಕ್ಷೌರಿಕ ತುಟಿ ಕಚ್ಚಿಕೊಂಡು ಮುಂದಿನ ತಲೆಗೆ ಕೈ ಹಾಕಿದ. ಕತ್ತರಿಸಿದ ಕೂದಲೆಲ್ಲ ಒಂದೇ ರಾಶಿಯಾಗಿ ಬಿತ್ತು. ಬೆಟ್ಟದ್ದು ಯಾವುದು, ಬಯಲಿನದು ಯಾವುದು, ದೇವರೇ ಬಲ್ಲ. ಕೊನೆಯ ತಲೆ ಮುಗಿಯುತ್ತಲೇ ವಾರ್ಡರ್ ಮಷಿನ್ ಒಯ್ದು ಬೀಗ ಹಾಕಿದ. ಕ್ಷೌರಿಕನ ಕೈ ಮರಗಟ್ಟಿತ್ತು, ಮನಸ್ಸು ಮಾತ್ರ ಕುಣಿಯುತ್ತಿತ್ತು.

ಸಂಜೆ ಊಟಕ್ಕೆ ಹೋದರೆ ಅವನು ಅಂದುಕೊಂಡ ಹಾಗೆಯೇ ಆಗಿತ್ತು. ಯಾರು ಯಾವ ಕಡೆಯವರೆಂದು ತಿಳಿಯದೆ ಎಲ್ಲರೂ ಸಿಕ್ಕ ಸಿಕ್ಕಲ್ಲಿ ಕೂತಿದ್ದರು. ಒಬ್ಬರ ಬೋಳು ಒಬ್ಬರು ಸವರಿ ನಗುತ್ತಿದ್ದರು. ಮೀಸೆ ಮಾವ ಗಡ್ಡದಜ್ಜನ ತಟ್ಟೆಗೆ ಅನ್ನ ಬಡಿಸುತ್ತಿದ್ದ. ಅವರಿಬ್ಬರ ನಡುವೆ ಸರಿಯಾಗಿ ಒಂದು ಗೇಣು ಜಾಗ ಖಾಲಿಯಿತ್ತು. ಕ್ಷೌರಿಕನ ಕಣ್ಣು ತುಂಬಿ ಬಂತು. ತಟ್ಟೆ ಹಿಡಿದು ಹೋಗಿ, ಇನ್ನೇನು ಕೂರಬೇಕು, ಹಾಲ್ ಪೂರ್ತಿ ಗಪ್‌ಚಿಪ್ ಆಯಿತು. ಎಲ್ಲರ ಕಣ್ಣೂ ಅವನ ನೆತ್ತಿಯ ಮೇಲೆ.

"ಯಾರೋ ಅದು, ಕೂದಲಿನವನು?" ಎಂದ ಗಡ್ಡವಿಲ್ಲದ ಗಡ್ಡದಜ್ಜ.

ಕ್ಷೌರಿಕ ತಲೆ ಮುಟ್ಟಿ ನೋಡಿಕೊಂಡ. ಊರಿನ ತಲೆಯೆಲ್ಲ ಬೋಳಿಸುವ ಭರದಲ್ಲಿ ತನ್ನದನ್ನೇ ಮರೆತಿದ್ದ.

"ದೂರ ನಿಲ್ಲಪ್ಪ. ಕೂದಲಿನವರಿಂದಲೇ ಹೇನು ಹಬ್ಬೋದು," ಎಂದ ಮೀಸೆಯಿಲ್ಲದ ಮೀಸೆ ಮಾವ.

"ಮಾವ, ಅಜ್ಜ, ನಾನು ಕಣ್ರೀ! ನಾಳೆ ಮಷಿನ್ ಸಿಕ್ಕ ತಕ್ಷಣ ನಾನೂ ಬೋಳಿಸ್ಕೋತೀನಿ!"

ಮಾವ ಅಜ್ಜನ ಮುಖ ನೋಡಿದ. ಅಜ್ಜ ಮಾವನ ಮುಖ ನೋಡಿದ. ಹುಟ್ಟಿದಾರಭ್ಯ ಮೊದಲ ಸಲ ಇಬ್ಬರಿಗೂ ಒಂದೇ ಅಭಿಪ್ರಾಯ ಬಂತು.

"ಬೋಳಿಸ್ಕೊಂಡ್ರೆ ಆಗೋಯ್ತಾ?" ಎಂದ ಅಜ್ಜ. "ಹುಟ್ಟಾ ಕೂದಲಿನವನು ಯಾವತ್ತಿದ್ರೂ ಕೂದಲಿನವನೇ."

ಕ್ಷೌರಿಕ ತಟ್ಟೆ ಎತ್ತಿಕೊಂಡು ಹಳೆಯ ತೊಟ್ಟಿಯ ಪಕ್ಕಕ್ಕೆ ಹೋಗಿ ನಿಂತ. ಎರಡು ತುತ್ತು ಉಂಡಿರಬೇಕು, ಕಿವಿಯ ಮೇಲೆ ಏನೋ ಹರಿದಂತಾಯಿತು. ಕೆರೆಯಲು ಎತ್ತಿದ ಕೈಯನ್ನು ಹಾಗೇ ಇಳಿಸಿದ. ಇಡೀ ಜೈಲಿನಲ್ಲಿ ಅವನು ಯಾವ ಕಡೆಯವನೆಂದು ಕೇಳದೆ ಪಕ್ಕಕ್ಕೆ ಬಂದದ್ದು ಅದೊಂದೇ.