ಭಾವನ ಕ್ಯಾಮೆರಾ ಇನ್ನೂ ಪಾಸಾಗಿಲ್ಲ

ನಮ್ಮ ಭಾವನ ಹತ್ತಿರ ಒಂದು ಒಳ್ಳೆಯ ಕ್ಯಾಮೆರಾ ಇದೆ. ನಾಲ್ಕು ವರ್ಷಗಳಿಂದ ಇದೆ. ಆದರೆ ಮೊನ್ನೆ ಮೊನ್ನೆಯವರೆಗೂ ಅದರಲ್ಲಿ ತೆಗೆದ ಒಂದೇ ಒಂದು ಫೋಟೋವನ್ನು ನರಮನುಷ್ಯರು ಯಾರೂ ಕಂಡಿರಲಿಲ್ಲ! ಕ್ಯಾಮೆರಾ ಕೆಟ್ಟಿತ್ತೇ? ಇಲ್ಲ. ಭಾವನಿಗೆ ಫೋಟೋ ತೆಗೆಯಲು ಬರುವುದಿಲ್ಲವೇ? ಬರುತ್ತದೆ, ಭಾನುವಾರ ಬಂದರೆ ಇನ್ನೂರು ಮುನ್ನೂರು ತೆಗೆಯುತ್ತಾರೆ. ವಿಷಯ ಇಷ್ಟೇ: ಕ್ಯಾಮೆರಾದ ಪರೀಕ್ಷೆ ಮುಗಿದಿರಲಿಲ್ಲ. ಪರೀಕ್ಷೆ ಮುಗಿಯದ ಕ್ಯಾಮೆರಾದಲ್ಲಿ ತೆಗೆದದ್ದು ಫೋಟೋ ಅಲ್ಲವಂತೆ, ಉತ್ತರ ಪತ್ರಿಕೆಯಂತೆ. ಭಾವ ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ, ಡೈರಿಯಲ್ಲಿ ಮಾರ್ಕು ಬರೆದು, ಅಳಿಸಿಹಾಕುತ್ತಾರೆ.

ಭಾವ ಅಂದರೆ ನಮ್ಮ ಅಕ್ಕನ ಗಂಡ. ತುಮಕೂರಿನ ಕಡೆಯವರು, ಬ್ಯಾಂಕಿನಲ್ಲಿ ಆಫೀಸರು. ವರ್ಗದ ಮೇಲೆ ವರ್ಗವಾಗಿ ಮೊದಲು ವಿಜಯವಾಡಕ್ಕೆ ಬಂದರು, ಈಗ ನಾನು ಸೊಸೆಯಾಗಿ ಬಂದು ಬೇರೂರಿರುವ ವಿಶಾಖಪಟ್ಟಣಕ್ಕೇ ಬಂದಿದ್ದಾರೆ. ಕಾರ್ಖಾನೆಗಳಿಗೆ ಸಾಲ ಕೊಡುವ ಮೊದಲು ಹೋಗಿ ಯಂತ್ರಗಳನ್ನು ನೋಡಿ ಬರುವುದು ಅವರ ಕೆಲಸ. ಊರಾಚೆ ಕಾರ್ಖಾನೆಗಳಿರುವ ಅಚ್ಯುತಾಪುರಂನಲ್ಲಿ ಇವರ ಕಾರು ಕಂಡರೆ ಕಾರ್ಖಾನೆಯವರು ಮೊದಲು ಟೀ ತರಿಸುವುದಿಲ್ಲ, ಯಂತ್ರಕ್ಕೆ ಎಣ್ಣೆ ಬಿಡುತ್ತಾರೆ. ಮೂರು ಸಲ ನಿಲ್ಲಿಸಿ ಮೂರು ಸಲ ಓಡಿಸಿ ತೋರಿಸದೆ ಭಾವ ಅಲ್ಲಿಂದ ಕದಲುವವರಲ್ಲ. ಮನೆಯಲ್ಲೂ ಇದೇ ಬುದ್ಧಿ. ಹೊಸ ಮಿಕ್ಸಿ ಬಂದಾಗ ಎಂಟು ದಿನ ಎಂಟು ಥರದ ಚಟ್ನಿ ರುಬ್ಬಿಸಿದರು. ಒಂಬತ್ತನೇ ದಿನ ಮಿಕ್ಸಿ ಪಾಸಾಯಿತು, ಮನೆಯವರ ಹೊಟ್ಟೆ ಫೇಲಾಯಿತು. ಅಷ್ಟೇಕೆ, ನಮ್ಮಕ್ಕನನ್ನು ನೋಡಲಿಕ್ಕೇ ಇವರು ಎರಡು ಸಲ ಬಂದಿದ್ದರು! ಎರಡನೇ ಸಲ ಯಾಕೆ ಬಂದರು ಎಂದು ನಮ್ಮಪ್ಪ ಗಾಬರಿಯಾಗಿ ವಿಚಾರಿಸಿದರೆ, ಮೊದಲನೇ ಸಲ ಬೆಳಕು ಸರಿ ಇರಲಿಲ್ಲ ಅಂದರಂತೆ.

ಇಂಥ ಮನುಷ್ಯ ಜೀವನದಲ್ಲಿ ಒಂದೇ ಒಂದು ಸಲ ಪರೀಕ್ಷೆ ಮಾಡದೆ ನಂಬಿದರು. ಅದು ತಮ್ಮ ಮದುವೆಯ ದಿನ. ಫೋಟೋಕ್ಕೆ ಗೊತ್ತು ಮಾಡಿದ್ದು ಭಾವನದೇ ಗೆಳೆಯನನ್ನು. ಅವನು ಚಪ್ಪರದ ಕಂಬ ಹತ್ತಿ, ಪುರೋಹಿತರ ಭುಜದ ಮೇಲೆ ಬಗ್ಗಿ, ಧಾರೆ, ತಾಳಿ, ಸಪ್ತಪದಿ ಒಂದನ್ನೂ ಬಿಡದೆ ಕ್ಲಿಕ್ಕಿಸಿದ. ಆಮೇಲೆ ನೋಡಿದರೆ ಒಳಗೆ ರೀಲು ಚಕ್ರದ ಹಲ್ಲುಗಳಿಗೆ ಸಿಕ್ಕಿಯೇ ಇರಲಿಲ್ಲ. ಒಂದು ಇಂಚೂ ಸುತ್ತಿರಲಿಲ್ಲ! ನಮ್ಮಕ್ಕನಿಗೆ ಮದುವೆಯಾಗಿದೆ ಎನ್ನುವುದಕ್ಕೆ ಇವತ್ತಿಗೂ ಸಾಕ್ಷಿ ಅಂದರೆ ಭಾವ ಒಬ್ಬರೇ.

ಅಕ್ಕ ಅದಕ್ಕಾಗಿ ಜಗಳವಾಡಿದವಳಲ್ಲ. ಆದರೆ ಯಾವ ಊರಿಗೆ ವರ್ಗವಾಗಲಿ, ಹೊಸ ಬಾಡಿಗೆ ಮನೆಯ ಹಾಲಿನಲ್ಲಿ ಮೊದಲು ಒಂದು ಮೊಳೆ ಹೊಡೆಸುತ್ತಾಳೆ. ಆ ಮೊಳೆಗೆ ಕ್ಯಾಲೆಂಡರ್ ಹಾಕಗೊಡುವುದಿಲ್ಲ, ದೇವರ ಪಟವನ್ನೂ ಹಾಕಗೊಡುವುದಿಲ್ಲ. ಅದು ಖಾಲಿ ಇರುತ್ತದೆ. ಯಾರಾದರೂ ಕೇಳಿದರೆ, ಇವರು ಒಂದು ಫೋಟೋ ತೆಗೀತಾರೆ, ಅದಕ್ಕೆ, ಅನ್ನುತ್ತಾಳೆ.

ಕ್ಯಾಮೆರಾ ಕೊಂಡದ್ದು ವಿಜಯವಾಡದ ಒನ್ ಟೌನ್ ಪೇಟೆಯಲ್ಲಿ. ತೀರಾ ಅಗ್ಗದ್ದು ಬೇಡ, ಅದು ಮಕ್ಕಳ ಆಟದ ಸಾಮಾನು. ತೀರಾ ದುಬಾರಿಯದೂ ಬೇಡ, ಅದು ಮದುವೆ ಫೋಟೋಗ್ರಾಫರುಗಳ ಹೊಟ್ಟೆಪಾಡು. ಹವ್ಯಾಸದವರಿಗೆ ಅಂತಲೇ ಮಾಡಿದ ನಡುವಿನದು ಬೇಕು ಎಂದು ಒಂದು ವರ್ಷ ಓದಿ ತೀರ್ಮಾನಿಸಿದ್ದರು. ಅಂಗಡಿಯಾತ ಅದೇ ಮಾಡೆಲ್ಲಿನ ಮೂರು ಪೆಟ್ಟಿಗೆ ಬಿಚ್ಚಬೇಕಾಯಿತು. ಅಣ್ಣತಮ್ಮಂದಿರಾದರೂ ಗುಣ ಬೇರೆ ಬೇರೆ ಇರಲ್ಲವಾ ಎಂದು ಭಾವನ ವಾದ. ಕೆಂಪು ಬಣ್ಣ ಹೇಗೆ ಬರುತ್ತದೆ ನೋಡಲು ಎದುರಿನ ಮಂಡಿಯಲ್ಲಿ ರಾಶಿ ಹಾಕಿದ್ದ ಒಣಮೆಣಸಿನಕಾಯಿ ಮುಂದೆ ಮೂರನ್ನೂ ಹಿಡಿದು ನಿಂತರು. ಘಾಟಿಗೆ ಸೀನು ಶುರುವಾಯಿತು. ಸೀನುತ್ತಲೇ ತೆಗೆದರು. ಕೈ ನಡುಗಿದರೂ ಚಿತ್ರ ಕದಡದಂತೆ ಲೆನ್ಸು ತಡೆಯುತ್ತದೋ ಇಲ್ಲವೋ ಎಂಬ ಪರೀಕ್ಷೆಯೂ ಅಲ್ಲೇ ಮುಗಿಯಿತು ನೋಡಿ!

ಆಮೇಲೆ ಪ್ರತಿ ಶನಿವಾರ ಒಂದು ದೂರು ಹಿಡಿದು ಅದೇ ಅಂಗಡಿಗೆ. ಎಡಗಡೆ ಮೂಲೆ ಸ್ವಲ್ಪ ಮಂಕು, ಶಟರಿನ ಸದ್ದು ಸ್ವಲ್ಪ ಒರಟು. ಅಂಗಡಿಯಾತ ಒಳ್ಳೆಯ ವಯಸ್ಸಾದ ಮನುಷ್ಯ. ಭಾವನಿಗೆಂದೇ ಒಂದು ಕುರ್ಚಿ ಹಾಕಿಸಿದ್ದ. ಕೊನೆಗೆ ಒಂದು ದಿನ ಕೈಮುಗಿದು, "ಫೋಟೋಲು ತೀಯಂಡಿ ಸಾರ್, ಕ್ಯಾಮೆರಾ ಅದೇ ಬಾಗುಪಡುತುಂದಿ" ಅಂದನಂತೆ. ಫೋಟೋ ತೆಗೆಯಿರಿ ಸ್ವಾಮಿ, ಅದು ತಾನೇ ಸರಿಹೋಗುತ್ತೆ ಎಂದು. ಭಾವನಿಗೆ ಈ ಮಾತು ಬಹಳ ಅವೈಜ್ಞಾನಿಕ ಅನ್ನಿಸಿತು.

ಮನೆಯಲ್ಲಿ ಲೆನ್ಸಿನ ಪರೀಕ್ಷೆಗೆ ಗೋಡೆಯ ಮೇಲೆ ತೆಲುಗು ಪೇಪರನ್ನು ನಾಲ್ಕು ಮೂಲೆಗೆ ಅಂಟಿಸಿ ತೆಗೆಯುತ್ತಿದ್ದರು. ಚಿಕ್ಕ ಅಕ್ಷರಗಳು ಬೇಕಲ್ಲ, ವಧೂವರರ ಅಂಕಣವೇ ಆಗಬೇಕು. ಮೂಲೆಮೂಲೆಯ ಅಕ್ಷರಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ, ಮೂರು ವರ್ಷ ಗ್ರಾಹಕರಿಂದ ಕಲಿಯದ ತೆಲುಗನ್ನು ಭಾವ ಮೂರು ತಿಂಗಳಲ್ಲಿ ಲೆನ್ಸಿನಿಂದ ಕಲಿತರು. ಈಗಲೂ ಅವರ ತೆಲುಗಿನಲ್ಲಿ ವರನ ಗೋತ್ರ, ವಧುವಿನ ಎತ್ತರದ ವಿಚಾರ ಬಂದರೆ ಎಲ್ಲಿಲ್ಲದ ನಿರರ್ಗಳತೆ.

ಪೇಪರಿನ ನಂತರ ಸರದಿ ಅಕ್ಕನದು. ಬಣ್ಣದ ಪರೀಕ್ಷೆಗೆ ಒಂದು ಕೈಯಲ್ಲಿ ಟೊಮೇಟೊ, ಇನ್ನೊಂದು ಕೈಯಲ್ಲಿ ನೀಲಿ ಸೋಪು, ಮಡಿಲಲ್ಲಿ ಅರಿಶಿನದ ಪೊಟ್ಟಣ ಹಿಡಿದು ಕಿಟಕಿ ಪಕ್ಕ ಕೂರಬೇಕು. ಕತ್ತಲೆಯ ಪರೀಕ್ಷೆಗೆ ದೇವರ ಮನೆಯಲ್ಲಿ ಒಂದೇ ದೀಪದ ಬೆಳಕಲ್ಲಿ ಅಲುಗಾಡದೆ ನಿಲ್ಲಬೇಕು. ನಗಬಾರದು, ನಕ್ಕರೆ ಹೋದ ವಾರದ ಜತೆ ಹೋಲಿಸಲು ಆಗುವುದಿಲ್ಲ! ರಜೆಗೆಂದು ನನ್ನ ಜತೆ ಅಲ್ಲಿಗೆ ಬಂದಿದ್ದ ಮಗಳು ಒಂದು ದಿನ ನೋಡಿ, "ಅಮ್ಮಾ, ದೊಡ್ಡಪ್ಪಗಾರು ದೊಡ್ಡಮ್ಮಂಗೆ ಪನಿಷ್ಮೆಂಟ್ ಕೊಟ್ಟಿದ್ದಾರಾ?" ಎಂದು ಕೇಳಿದಳು.

ವಿಶಾಖಪಟ್ಟಣಕ್ಕೆ ಬಂದ ಮೇಲೆ ಪರೀಕ್ಷೆಗಳ ರಾಜ ಶುರುವಾಯಿತು: ನಡೆಯುವವರನ್ನು ಕ್ಯಾಮೆರಾ ಬಿಡದೆ ಹಿಂಬಾಲಿಸಿ ಫೋಕಸ್ ಮಾಡುತ್ತದೆಯೇ? ಇದಕ್ಕೆ ಸಮತಟ್ಟಾದ, ಉದ್ದನೆಯ ಜಾಗ ಬೇಕು. ಭೀಮುನಿಪಟ್ಟಣದ ಕಡಲ ತೀರಕ್ಕೆ ನನ್ನನ್ನೂ ಹೊರಡಿಸಿದರು. ಮರಳಿನ ಮೇಲೆ ಕೋಲಿನಲ್ಲಿ ಹನ್ನೆರಡು ಗೆರೆ ಎಳೆದರು. ಅಕ್ಕ ದೂರದ ಗೆರೆಯಿಂದ ಒಂದೇ ವೇಗದಲ್ಲಿ ಇವರ ಕಡೆ ನಡೆದು ಬರಬೇಕು, ಹೆಜ್ಜೆಗೊಂದು ಕ್ಲಿಕ್ಕು. ಹನ್ನೆರಡನೇ ಗೆರೆಯಲ್ಲಿ ನಿಲ್ಲಬೇಕು, ವಾಪಸ್ಸು ಹೋಗಬೇಕು. ಹೀಗೆ ಇಪ್ಪತ್ತು ಸಲ! ಬಲೆ ಸರಿಮಾಡುತ್ತಿದ್ದ ಮೀನುಗಾರ ಹೆಂಗಸೊಬ್ಬಳು ಬಹಳ ಹೊತ್ತು ನೋಡುತ್ತಿದ್ದು, ಎದ್ದು ಬಂದು ನನ್ನ ಹತ್ತಿರ "ಏಂ ಮೊಕ್ಕು ಅಮ್ಮಾ?" ಎಂದು ಮೆಲ್ಲಗೆ ಕೇಳಿದಳು. ಏನು ಹರಕೆ ಎಂದು! ನಾನು ಏನು ಹೇಳಲಿ? ಬಹಳ ಹಳೆಯ ಹರಕೆ ಅಂದೆ. ಆ ಪುಣ್ಯಾತ್ಗಿತ್ತಿ ಅಕ್ಕನ ಕಡೆ ತಿರುಗಿ ಕೈಮುಗಿದಳು.

ಫಲಿತಾಂಶ? ಪ್ರತಿ ಭಾನುವಾರವೂ ಒಂದೇ. ಏಳು ಹೆಜ್ಜೆಯವರೆಗೆ ಅಕ್ಕನ ರೆಪ್ಪೆಯ ಕೂದಲು ಎಣಿಸಬಹುದು, ಅಷ್ಟು ಸ್ಪಷ್ಟ. ಎಂಟನೆಯದು ಮಂಕು. ಭಾವ ಕಂಪ್ಯೂಟರ್ ಮುಂದೆ ತಲೆಯ ಮೇಲೆ ಕೈಹೊತ್ತು ಕೂರುವುದು, ಫೇಲ್ ಎಂದು ಬರೆಯುವುದು, ಎಲ್ಲವನ್ನೂ ಅಳಿಸುವುದು. ಹೀಗೇ ತಿಂಗಳುಗಳು ಉರುಳಿದವು.

ನನಗೆ ತಡೆಯಲಾಗಲಿಲ್ಲ. ಅಕ್ಕನಿಗೆ ಐವತ್ತು ದಾಟಿದೆ, ಮೊಳೆ ಇನ್ನೂ ಖಾಲಿ. ಒಂದು ದಿನ ಅವಳ ಅಡುಗೆಮನೆಗೆ ಹೋಗಿ ಬಾಯಿಗೆ ಬಂದ ಹಾಗೆ ಬೈದೆ. ನೀನು ಹೆಂಡತಿಯೋ ಅಳತೆಕೋಲೋ, ಸುಮ್ಮನೆ ನನ್ನ ಮೊಬೈಲಿನಲ್ಲಿ ಒಂದು ತೆಗೆದು ಹಾಕೋಣ ಬಾ ಅಂದೆ. ಅಕ್ಕ ಬೀನ್ಸ್ ಹೆಚ್ಚುತ್ತಾ ಇದ್ದವಳು ತಲೆ ಎತ್ತಲಿಲ್ಲ.

"ಎಂಟನೇ ಹೆಜ್ಜೇಲಿ ನಾನೇ ಗಕ್ಕನೆ ನಿಲ್ತೀನಿ ಕಣೇ. ಕ್ಯಾಮೆರಾ ಮುಂದಿನ ಹೆಜ್ಜೆಗೆ ಫೋಕಸ್ ಮಾಡಿಬಿಟ್ಟಿರುತ್ತೆ, ನಾನು ಮಂಕಾಗ್ತೀನಿ" ಅಂದಳು.

ಯಾಕೇ ಅಂದೆ.

"ಮದುವೆ ಆದಾಗಿಂದ ಇವರು ಮಿಕ್ಸಿ ನೋಡಿದಾರೆ, ಕುಕ್ಕರ್ ನೋಡಿದಾರೆ, ಊರವರ ಮೆಷೀನೆಲ್ಲ ನೋಡಿದಾರೆ. ಈಗ ವಾರಕ್ಕೊಂದಿನ ಕಣ್ಣು ಮಿಟುಕಿಸದೆ ನನ್ನ ನೋಡ್ತಾರೆ. ಕ್ಯಾಮೆರಾ ಪಾಸಾಗಿಬಿಟ್ರೆ ಆಮೇಲೆ ಯಾರು ನೋಡ್ತಾರೆ ಹೇಳು."

ಬೀನ್ಸಿನ ತಟ್ಟೆ ನನ್ನ ಕೈಗೆ ಕೊಟ್ಟು ಒಗ್ಗರಣೆಗೆ ಎದ್ದಳು. ನಾನು ಬೈಗುಳವನ್ನೆಲ್ಲ ನುಂಗಿಕೊಂಡು ನಾರು ತೆಗೆಯುತ್ತಾ ಕುಳಿತೆ.

ಇದಾಗಿ ಮೂರನೇ ವಾರಕ್ಕೆ ಭಾವ ಭೀಮುನಿಪಟ್ಟಣದ ಸುದ್ದಿಯನ್ನೇ ನಿಲ್ಲಿಸಿಬಿಟ್ಟರು. ಎರಡು ಭಾನುವಾರ ಖಾಲಿ ಹೋದವು. ಅಕ್ಕನ ಮುಖ ಬಾಡಿತು. ಫೋನಿನಲ್ಲಿ ಹ್ಞೂಂ, ಊಹ್ಞೂಂ ಬಿಟ್ಟರೆ ಮಾತಿಲ್ಲ. ಗುಟ್ಟು ಗೊತ್ತಾಗಿ ಸಿಟ್ಟಾಗಿದ್ದಾರೋ ಏನೋ ಎಂದು ನನಗೂ ಹೆದರಿಕೆ. ಅಷ್ಟರಲ್ಲಿ ಒಂದು ಸಂಜೆ ಭಾವ ಒಬ್ಬರೇ ನಮ್ಮ ಮನೆಗೆ ಬಂದರು, ಕಂಕುಳಲ್ಲಿ ಆ ಡೈರಿ. ಈ ಊರಿನಲ್ಲಿ ಒಳ್ಳೆಯ ಮೂಳೆ ಡಾಕ್ಟರು ಯಾರಿದ್ದಾರೆ ಎಂದು ಕೇಳಿದರು.

ಯಾರಿಗೆ ಏನಾಯಿತು ಎಂದರೆ ಡೈರಿ ಬಿಚ್ಚಿ ಮುಂದಿಟ್ಟರು. ವಾರವಾರದ ಪುಟಗಳು. ಫೋಕಸ್ಸಿಗೆ ಇಷ್ಟು, ಬಣ್ಣಕ್ಕೆ ಇಷ್ಟು ಎಂದು ಮಾರ್ಕು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಷರಾ. 'ಎಂಟನೇ ಹೆಜ್ಜೆಯಲ್ಲಿ ತಡೆಯುತ್ತಾಳೆ. ಬಲ ಮಂಡಿ ಇರಬಹುದು.' ಮುಂದಿನ ಪುಟದಲ್ಲಿ, 'ಇಂದೂ ಅಲ್ಲೇ. ನೋವು ಹೇಳಿಕೊಳ್ಳುವ ಸ್ವಭಾವ ಅಲ್ಲ.' ಇನ್ನೊಂದರಲ್ಲಿ, 'ಮುಖ ಸೊರಗಿದೆ. ಮೂಗುಬೊಟ್ಟು ಬದಲಾಯಿಸಿದ್ದಾಳೆ, ಚೆನ್ನಾಗಿದೆ.' ನಾನು ಪುಟ ತಿರುಗಿಸುತ್ತಾ ಹೋದೆ. ಅರ್ಧ ಡೈರಿ ಕ್ಯಾಮೆರಾದ ವಿಷಯವೇ ಅಲ್ಲ.

"ಮದುವೆ ರೀಲಿನ ಥರ ಆಗಬಾರದು ಅಂತ ಟೆಸ್ಟ್ ಮಾಡ್ತಾನೇ ಹೋದೆ ಕಣಮ್ಮ. ಕೆಟ್ಟದು ಒಂದು ತೆಗೆದು ಆ ಮೊಳೆಗೆ ಹಾಕೋಕೆ ನಂಗೆ ಧೈರ್ಯ ಬರಲಿಲ್ಲ" ಅಂದರು. "ನನ್ನ ಹುಚ್ಚಿಗೆ ಮರಳಲ್ಲಿ ನಡೆಸಿ ನಡೆಸಿ ಅವಳ ಕಾಲು ಹಾಳು ಮಾಡಿದೆ. ಕ್ಯಾಮೆರಾ ಮಾರಿಬಿಡ್ತೀನಿ."

ನಗಬೇಕೋ ಅಳಬೇಕೋ ತಿಳಿಯದೆ ನಾನು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ಡಾಕ್ಟರನ್ನು ವಿಚಾರಿಸುತ್ತೇನೆ, ಡೈರಿ ಇಲ್ಲಿರಲಿ ಎಂದು ಸುಳ್ಳು ಹೇಳಿ ಅವರನ್ನು ಕಳಿಸಿ, ಮಾರನೇ ದಿನ ಅವರು ಬ್ಯಾಂಕಿಗೆ ಹೋದ ಹೊತ್ತಿಗೆ ಡೈರಿಯನ್ನು ಅಕ್ಕನ ಮುಂದೆ ಇಟ್ಟೆ. ಅಕ್ಕ ನಿಂತುಕೊಂಡೇ ಓದಲು ಶುರು ಮಾಡಿದವಳು ಮೂಗುಬೊಟ್ಟಿನ ಪುಟ ಬಂದಾಗ ಕುಳಿತಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಹಾಕಿಕೊಂಡಳು, ಮತ್ತೆ ತೆಗೆದು ಒರೆಸಿದಳು. ನನಗೆ ಕಾಫಿ ಕೊಡುವುದನ್ನೇ ಮರೆತಳು.

ಆ ಭಾನುವಾರ ಅಕ್ಕನೇ ಹೊರಟು ನಿಂತಳು, ಮೆಂತ್ಯದ ಬಣ್ಣದ ರೇಷ್ಮೆ ಸೀರೆಯುಟ್ಟು. ಮಂಡಿ ಕಲ್ಲಿನ ಹಾಗಿದೆ, ಇನ್ನೊಂದೇ ಒಂದು ಸಲ ಟೆಸ್ಟ್ ಮಾಡಿ, ಆಮೇಲೆ ಬೇಕಾದರೆ ಮಾರಿ ಅಂದಳು. ಭೀಮುನಿಪಟ್ಟಣದಲ್ಲಿ ಭಾವ ಒಲ್ಲದ ಮನಸ್ಸಿನಿಂದಲೇ ಹನ್ನೆರಡು ಗೆರೆ ಎಳೆದು ಕಣ್ಣಿಗೆ ಕ್ಯಾಮೆರಾ ಹಚ್ಚಿದರು. ಅಕ್ಕ ನಡೆದು ಬಂದಳು. ಆರು, ಏಳು. ಎಂಟರಲ್ಲಿ ನಿಲ್ಲಲಿಲ್ಲ. ಹನ್ನೆರಡನೇ ಗೆರೆಯಲ್ಲೂ ನಿಲ್ಲಲಿಲ್ಲ. ಭಾವ ಕ್ಲಿಕ್ಕಿಸುತ್ತಲೇ ಇದ್ದರು, ಅವಳು ಬರುತ್ತಲೇ ಇದ್ದಳು, ಲೆನ್ಸಿಗೆ ಮೂಗು ತಾಗುವಷ್ಟು ಹತ್ತಿರ ಬಂದು, ಆ ಕಪ್ಪು ಪೆಟ್ಟಿಗೆಯ ಪಕ್ಕದಿಂದ ಇಣುಕಿ ಅವರ ಮುಖ ನೋಡಿದಳು.

ಹನ್ನೆರಡು ಫೋಟೋಗಳು ಬಹಳ ಚೆನ್ನಾಗಿ ಬಂದಿವೆ. ಭಾವ ಅವಕ್ಕೆ ಮಾರ್ಕು ಹಾಕಿ ಅಳಿಸಿಬಿಟ್ಟರು! ಮೊಳೆಗೆ ಹಾಕಿಸಿದ್ದು ಹದಿಮೂರನೆಯದನ್ನು. ಅದರಲ್ಲಿ ಮೆಂತ್ಯದ ಬಣ್ಣದ ಒಂದು ಮಬ್ಬು, ಒಂದು ಕಿವಿಯೋಲೆ, ಅರ್ಧ ನಗು, ಅಷ್ಟೇ. ಯಾವುದೂ ಫೋಕಸ್ ಆಗಿಲ್ಲ. ಅಷ್ಟು ಹತ್ತಿರ ಬಂದರೆ ಈ ಲೆನ್ಸಿಗೆ ಕಾಣುವುದಿಲ್ಲವಂತೆ. ಹಾಗಾಗಿ ಕ್ಯಾಮೆರಾ ಮತ್ತೆ ಫೇಲು, ಬರುವ ಭಾನುವಾರವೂ ಟೆಸ್ಟು.

ಇದಕ್ಕೆ ಎಷ್ಟು ಮಾರ್ಕು ಕೊಟ್ಟಿರಿ ಭಾವ ಎಂದು ಛೇಡಿಸಿದೆ. ಅವರು ಕುರ್ಚಿ ಹತ್ತಿ, ಓರೆಯಾಗಿದ್ದ ಚೌಕಟ್ಟನ್ನು ಬೆರಳಿನಿಂದ ನೇರ ಮಾಡುತ್ತಿದ್ದರು.

"ಮಾರ್ಕು ಯಾಕಮ್ಮ" ಅಂದರು, "ಇದು ಫೋಟೋ."