ಸ್ಟೇಷನ್ನಿಗೆ ಬರುವ ದೂರು, ಸ್ಟೇಷನ್ನಿನ ಮೇಲೆಯೇ

ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿರುವ ನನಗೆ ಕಳ್ಳರು ಸಿಗುವುದು ಅಪರೂಪ. ಪೊಲೀಸರು ಸರಿಯಿಲ್ಲ ಎನ್ನುವವರು ಮಾತ್ರ ದಿನಾ ಸಿಗುತ್ತಾರೆ. ಟೀ ಅಂಗಡಿಯಲ್ಲಿರುತ್ತಾರೆ, ಮದುವೆ ಊಟಕ್ಕೆ ಹೋದರೆ ಪಕ್ಕದ ಎಲೆಗೇ ಬಂದು ಕೂರುತ್ತಾರೆ. ಮೊನ್ನೆ ಕ್ಷೌರದವನು ಕತ್ತಿಯನ್ನು ನನ್ನ ಗಂಟಲ ಮೇಲಿಟ್ಟುಕೊಂಡೇ, ಬೋಡಿ ರಸ್ತೆಯಲ್ಲಿ ನಾವು ಟ್ರಾಫಿಕ್ ನೋಡಿಕೊಳ್ಳುವ ಚಂದವನ್ನು ಕಾಲು ಗಂಟೆ ವಿವರಿಸಿದ. ಎಲ್ಲದಕ್ಕೂ ಹೌದು ಎಂದೆ.

೧. ನಮ್ಮವರು

ನಮ್ಮ ಮನೆಮಾತು ಕನ್ನಡ. ಮುತ್ತಜ್ಜನ ಕಾಲಕ್ಕೂ ಮೊದಲಿಂದ ಕೊಂಬೈ ಕಡೆ ಬೇಸಾಯ ಮಾಡಿಕೊಂಡು ಬಂದವರು. ಸ್ಟೇಷನ್ನಿನಲ್ಲಿ ಮಾತ್ರ ಎಲ್ಲ ತಮಿಳೇ.

ಒಂದು ದಿನ ಒಬ್ಬ ಅಜ್ಜಿ ಸೊಸೆಯನ್ನು ಕರೆದುಕೊಂಡು ಬಂದರು. ಆಡು ಕಳೆದು ಹತ್ತು ದಿನವಾಯಿತು, ಏನಾದರೂ ತಿಳಿಯಿತಾ ಅಯ್ಯಾ ಎಂದು ತಮಿಳಿನಲ್ಲಿ ಬಹಳ ಮರ್ಯಾದೆಯಿಂದ ಕೇಳಿದರು. ಹುಡುಕುತ್ತಿದ್ದೇವೆ ಎಂದೆ. ಅಜ್ಜಿ ಸೊಸೆಯ ಕಡೆ ತಿರುಗಿ, ಕನ್ನಡದಲ್ಲಿ, "ಇವನ ಮೊಕ ನೋಡು. ಆಡು ಎದುರಿಗೆ ಬಂದು ನಿಂತ್ರೂ ಇವನಿಗೆ ಗೊತ್ತಾಗಾಕಿಲ್ಲ" ಎಂದರು. ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಜ್ಜಿ ಅಷ್ಟಕ್ಕೆ ನಿಲ್ಲಿಸದೆ ನನ್ನ ಹೊಟ್ಟೆಯ ವಿಷಯಕ್ಕೂ ಬಂದರು.

ನಾನು ನಿಧಾನವಾಗಿ ಕನ್ನಡದಲ್ಲೇ, ಆಡಿನ ಬಣ್ಣ ಯಾವುದಜ್ಜಿ ಎಂದು ಕೇಳಿದೆ. ನಾಚಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅಜ್ಜಿ ಕುರ್ಚಿ ಎಳೆದುಕೊಂಡು ಕೂತು, "ನಮ್ಮವನೇ ಆಗಿದ್ದೂ ಹತ್ತು ದಿನ ಸುಮ್ಕೆ ಕೂತಿದ್ದೀಯಲ್ಲಪ್ಪ" ಎಂದರು. ತಮಿಳಿನಲ್ಲಿ ಸಿಗುತ್ತಿದ್ದ ಮರ್ಯಾದೆಯೂ ಅಲ್ಲಿಗೆ ಮುಗಿಯಿತು.

ಮೂರನೆಯ ದಿನ ಆಡು ಪಕ್ಕದೂರಿನ ಮಂದೆಯೊಂದರಲ್ಲಿ ಸಿಕ್ಕಿತು. ಬೈದಿದ್ದಕ್ಕೇ ಸಿಕ್ಕಿತು ಎಂದು ಅಜ್ಜಿ ಊರಿಗೆಲ್ಲ ಹೇಳಿದ್ದಾರೆ. ಈಗ ಅವರ ಬೀದಿಯಿಂದ ಯಾರೇ ಬಂದರೂ ಮೊದಲು ನನಗೆ ಬೈದು, ಆಮೇಲೆ ವಿಷಯ ಹೇಳುತ್ತಾರೆ.

೨. ನನ್ನ ಮೇಲೆ ನನ್ನ ವಿಚಾರಣೆ

ಒಬ್ಬ ರೈತರು ಮೇಲಿನ ಕಚೇರಿಗೆ ಅರ್ಜಿ ಕೊಟ್ಟರು: ಸಬ್ ಇನ್‌ಸ್ಪೆಕ್ಟರ್ ಜನರ ಮಾತು ಕೇಳುವುದಿಲ್ಲ, ಕ್ರಮ ಕೈಗೊಳ್ಳಬೇಕು. ಆ ಅರ್ಜಿ ಒಂದೊಂದೇ ಮೇಜಿನಲ್ಲಿ ಮುದ್ರೆ ಹಾಕಿಸಿಕೊಳ್ಳುತ್ತ ಕೆಳಗಿಳಿದು, ವಿಚಾರಿಸಿ ವರದಿ ಕೊಡಿ ಎಂಬ ಷರಾದೊಂದಿಗೆ ನನ್ನ ಮೇಜಿಗೇ ಬಂತು.

ಅವರನ್ನು ಕರೆಸಿದೆ. ಟೀ ತರಿಸಿ, ನನ್ನ ಮೇಲೆ ನಿಮ್ಮ ದೂರೇನು ಎಂದು ಕೇಳಿದೆ. ನಿಮ್ಮ ಮೇಲೇನೂ ಇಲ್ಲ ಅಯ್ಯಾ, ನಿಮ್ಮನ್ನು ಇವತ್ತೇ ಮೊದಲು ನೋಡುತ್ತಿರುವುದು ಎಂದರು. ಪಕ್ಕದ ಹೊಲದವನು ಬಾವಿ ದಾರಿಗೆ ಮುಳ್ಳು ಹಾಕಿದ್ದನಂತೆ. ಬಾಳೆ ಬಾಡುತ್ತಿತ್ತು. ನಾಲ್ಕು ಸಲ ಸ್ಟೇಷನ್ನಿಗೆ ಬಂದರೂ, ನಾನು ಯಾವುದೋ ಬಂದೋಬಸ್ತಿಗೆ ಹೋಗಿದ್ದೇನೆ ಎಂದು ವಾಪಸ್ ಕಳಿಸಿದ್ದರು.

"ನಿಮ್ಮ ಮೇಲೇ ಬರೆದ್ರೆ ನೀವೇ ಕರೀತೀರಿ ಅಂತ ನಮ್ಮ ಭಾವ ಹೇಳಿದ್ರು" ಎಂದು ಅವರು ಟೀ ಮುಗಿಸಿದರು.

ನನಗೂ ಸ್ವಲ್ಪ ನಾಚಿಕೆಯಾಯಿತು. ಅವತ್ತು ಸಂಜೆಯೇ ಹೋಗಿ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿ ಮುಳ್ಳು ತೆಗೆಸಿದೆ. ಸುದ್ದಿ ಹರಡಿತು. ಈಗ ನನ್ನ ಮೇಲೆ ಮೂರು ಅರ್ಜಿಗಳಿವೆ. ಮೂವರಿಗೂ ನನ್ನ ಮೇಲೆ ಬಹಳ ಅಭಿಮಾನ.

೩. ಕಾರಿನವರು

ಹೆಲ್ಮೆಟ್ ಇಲ್ಲದ ಒಬ್ಬರನ್ನು ನಿಲ್ಲಿಸಿದೆ. ನಿಮಗೆ ಬೈಕಿನ ಬಡವರು ಮಾತ್ರ ಕಾಣುತ್ತಾರೆ, ಕಾರಿನವರನ್ನು ಮುಟ್ಟಲು ಭಯ ಎಂದು ಅವರು ರಸ್ತೆಗೆಲ್ಲ ಕೇಳುವಂತೆ ಭಾಷಣ ಶುರು ಮಾಡಿದರು. ಸೇರಿದವರೆಲ್ಲ ತಲೆಯಾಡಿಸಿದರು. ನನಗೂ ರೋಷ ಬಂದು, ಎದುರಿಗೆ ಬಂದ ಕಾರನ್ನು ನಿಲ್ಲಿಸಿದೆ. ಓಡಿಸುತ್ತಿದ್ದವರು ಸೀಟ್ ಬೆಲ್ಟ್ ಹಾಕಿರಲಿಲ್ಲ. ಬೈಕಿನವರು ಒಳಗೆ ಇಣುಕಿ ನೋಡಿ ಸಣ್ಣ ದನಿಯಲ್ಲಿ, ಇವರು ನಮ್ಮ ಮಾವ, ಬಿಟ್ಟುಬಿಡಿ ಅಯ್ಯಾ ಎಂದರು.

ಮಾವ ಕಿಟಕಿ ಇಳಿಸಿದರು. "ನನಗೆ ದಂಡ ಹಾಕಿ, ಪರವಾಗಿಲ್ಲ. ಆದರೆ ನಮ್ಮ ಅಳಿಯನನ್ನು ಮಾತ್ರ ಬಿಡಬೇಡಿ" ಎಂದರು.

೪. ಮಫ್ತಿ

ಓಡೈಪಟ್ಟಿಯ ದ್ರಾಕ್ಷಿ ಬೆಳೆಗಾರರೊಬ್ಬರು ಬಂದು, ಮಧ್ಯಾಹ್ನ ಆಳುಗಳು ಊಟಕ್ಕೆ ಹೋದಾಗ ಯಾರೋ ಗೊಂಚಲು ಕೊಯ್ಯುತ್ತಿದ್ದಾರೆ, ಪೊಲೀಸರು ಈ ಕಡೆ ತಲೆಯನ್ನೇ ಹಾಕುವುದಿಲ್ಲ ಎಂದು ರೇಗಿದರು. ಮರುದಿನವೇ ಜೀಪು ಕಳಿಸಿದೆ. ಅದರ ಮರುದಿನ ಅವರು ಮತ್ತೆ ಬಂದರು. ಮನೆ ಬಾಗಿಲಲ್ಲಿ ಜೀಪು ನಿಂತಿದ್ದು ನೋಡಿ, ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ಕಾಫಿ ಕೂಡ ಕುಡಿಯದೆ ಎದ್ದು ಹೋದರಂತೆ. ಇನ್ನು ಮೇಲೆ ಯೂನಿಫಾರ್ಮ್ ಬೇಡ, ಜೀಪು ಬೇಡ, ಆದರೆ ಕಳ್ಳ ಸಿಗಬೇಕು ಎಂದರು.

ಊರಿಗೆ ಹೊಸಬನಾದ ಒಬ್ಬ ಕಾನ್‌ಸ್ಟೇಬಲ್‌ನನ್ನು ಲುಂಗಿ, ಟವೆಲ್ಲಿನಲ್ಲಿ ಕಳಿಸಿದೆ. ಯಾರಿಗೂ ಹೇಳಬೇಡಿ ಎಂದು ಬೆಳೆಗಾರರಿಗೆ ತಾಕೀತು ಮಾಡಿದೆ. ಜೀವನದಲ್ಲಿ ಮೊದಲ ಸಲ ಒಬ್ಬರು ನನ್ನ ಮಾತನ್ನು ಅಕ್ಷರಶಃ ಪಾಲಿಸಿದರು: ಹೆಂಡತಿಗೂ ಹೇಳಲಿಲ್ಲ.

ಮಧ್ಯಾಹ್ನ ಆಕೆಯ ಫೋನ್ ಬಂತು. "ನಿಮ್ಮನ್ನ ನಂಬಿಕೊಂಡಿದ್ರೆ ಆಗ್ತಿತ್ತಾ? ಕಳ್ಳನ್ನ ನಾವೇ ಹಿಡಿದಿದ್ದೀವಿ. ಈಗಲಾದ್ರೂ ಬನ್ನಿ."

ಹೋಗಿ ನೋಡಿದರೆ, ಚಪ್ಪರದ ಕಲ್ಲುಕಂಬಕ್ಕೆ ಅವನದೇ ಟವೆಲ್ಲಿನಿಂದ ನಮ್ಮ ಕಾನ್‌ಸ್ಟೇಬಲ್‌ನನ್ನು ಕಟ್ಟಿದ್ದಾರೆ. ಸುತ್ತ ಏಳೆಂಟು ಹೆಂಗಸರು. ಗುರುತಿನ ಚೀಟಿ ತೋರಿಸಿದನಂತೆ. ಈಗಿನ ಕಳ್ಳರು ಅದನ್ನೂ ಮಾಡಿಸಿಟ್ಟುಕೊಂಡಿರುತ್ತಾರೆ ಎಂದು ಕಿತ್ತಿಟ್ಟುಕೊಂಡಿದ್ದರು. ಇವನು ನಮ್ಮ ಪೊಲೀಸನೇ ಅಮ್ಮಾ, ನಾನೇ ಕಳಿಸಿದ್ದು ಎಂದೆ.

ಆಕೆ ನನ್ನನ್ನೂ ಅವನನ್ನೂ ನೋಡಿ, "ಸರಿ, ಪೊಲೀಸೇ ಆಗಲಿ. ದ್ರಾಕ್ಷಿ ಯಾಕೆ ತಿಂದ?" ಎಂದರು.

ಆಗ ಗಮನಿಸಿದೆ. ಅವನ ತುಟಿಯೆಲ್ಲ ನೇರಳೆ ಬಣ್ಣ. ಕಾಲ ಬಳಿ ಎರಡು ಬರಿಗೊಂಚಲು. ಪಕ್ಕಕ್ಕೆ ಬಾಗಿ, ಏನಯ್ಯಾ ಇದು ಎಂದು ಹಲ್ಲು ಕಡಿದೆ.

ಅವನು ಬಹಳ ವಿನಯದಿಂದ ಹೇಳಿದ: "ಯಾರಿಗೂ ಪೊಲೀಸ್ ಅಂತ ಅನುಮಾನ ಬರಬಾರದು ಅಂತ ನೀವೇ ಹೇಳಿದ್ರಲ್ಲ ಅಯ್ಯಾ."